ಆಕ್ಸ್‌ಗಿಲ್: ಕಾನೂನಿಗಿಂತ ಮೊದಲೇ ಬಂದ ಸರ್‌ನೇಮ್

ಇವತ್ತು ಡೆನ್ಮಾರ್ಕ್‌ಗೆ ಹೋಗೋಣ. 1989ರ ಅಕ್ಟೋಬರ್ 1. ಕೋಪನ್‌ಹೇಗನ್ ನಗರಸಭೆ ಕಟ್ಟಡದಲ್ಲಿ 11 ಸಲಿಂಗಿ ಜೋಡಿಗಳ ಹೆಸರು ರಿಜಿಸ್ಟರ್ ಆಯ್ತು. ಮೊದಲ ಜೋಡಿ ಆಕ್ಸೆಲ್ ಮತ್ತು ಐಗಿಲ್. ಒಬ್ಬರಿಗೆ 74, ಇನ್ನೊಬ್ಬರಿಗೆ 67. 1950ರ ದಶಕದಲ್ಲೇ ಇಬ್ಬರ ಹೆಸರನ್ನೂ ಬೆಸೆದು 'ಆಕ್ಸ್‌ಗಿಲ್' ಅಂತ ಒಂದೇ ಸರ್‌ನೇಮ್ ಮಾಡ್ಕೊಂಡಿದ್ರು. ಆ ದಶಕದಲ್ಲೇ ಜೈಲನ್ನೂ ಕಂಡಿದ್ರು.

ಇಡೀ ದೇಶಕ್ಕೆ ಅನ್ವಯಿಸೋ ಇಂಥ ಕಾನೂನು ಜಗತ್ತಿನಲ್ಲೇ ಅದು ಮೊದಲು. ನಾನು ಬಿಕಾಂ ಓದಿದ್ದಕ್ಕೋ ಏನೋ, ಮೊದಲು ಕಣ್ಣು ಹೋಗೋದು ಆಸ್ತಿ, ಪಿಂಚಣಿ ಕಡೆಗೆ. ಅಲ್ಲಿವರೆಗೆ ಒಬ್ಬರು ತೀರಿಕೊಂಡ್ರೆ ಉಳಿದವರು ಕಾನೂನಿನ ಲೆಕ್ಕದಲ್ಲಿ ಹೊರಗಿನವರು. ಈಗ ವಾರಸುದಾರಿಕೆ ಗಂಡ-ಹೆಂಡತಿಗೆ ಇದ್ದ ಹಾಗೇ ಸಿಕ್ತು. ಹೆಸರು ಮಾತ್ರ 'ಮದುವೆ' ಅಲ್ಲ, 'ನೋಂದಾಯಿತ ಸಂಗಾತಿತನ'. ದತ್ತು ಇಲ್ಲ, ಚರ್ಚ್ ಮದುವೆ ಇಲ್ಲ. ನನಗಂತೂ ಇದು ಜಿಪುಣತನ ಅನ್ಸುತ್ತೆ. ಆದ್ರೆ ನಮ್ಮ ಸುಪ್ರೀಂ ಕೋರ್ಟ್‌ನ ಐವರಲ್ಲಿ ಮೂವರು 2023ರಲ್ಲಿ ಸಿವಿಲ್ ಯೂನಿಯನ್‌ನ ಹಕ್ಕನ್ನೂ ಒಪ್ಪಲಿಲ್ಲ.

ಐಗಿಲ್ 1995ರಲ್ಲಿ ತೀರಿಕೊಂಡ್ರು, ಆಕ್ಸೆಲ್ 2011ರ ಅಕ್ಟೋಬರ್‌ನಲ್ಲಿ. ಡೆನ್ಮಾರ್ಕ್ ಮದುವೆಯ ಬಾಗಿಲನ್ನೇ ತೆರೆದದ್ದು 2012ರ ಜೂನ್‌ನಲ್ಲಿ. ಮಧ್ಯೆ ಎಂಟು ತಿಂಗಳೂ ಇರಲಿಲ್ಲ.