ಮೊಣಕಾಲು ಮತ್ತು ಅಪಘಾತ ಶಸ್ತ್ರಚಿಕಿತ್ಸೆಯ ಕನ್ಸಲ್ಟೆಂಟ್: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕುಟುಂಬಗಳು ತಿಳಿದಿರಬೇಕಾದದ್ದು

ಆಸ್ಪತ್ರೆಯ ಫಲಕದಲ್ಲಿ ಎಲುಬು ತಜ್ಞರ ಹೆಸರಿನ ಕೆಳಗೆ 'ಕನ್ಸಲ್ಟೆಂಟ್' ಎಂದು ಬರೆದಿರುತ್ತದೆ. ರೋಗಿಗೆ ಆಪರೇಷನ್ ಬೇಕೇ ಬೇಡವೇ ಎಂದು ತೀರ್ಮಾನಿಸಿ, ಅದನ್ನು ಮಾಡಿ, ಆಮೇಲಿನ ಹೊಣೆಯನ್ನೂ ಹೊರುವ ತಜ್ಞ ವೈದ್ಯರಿಗೆ ಈ ಹೆಸರು. ಕೆಲವರು ಒಂದೇ ಆಸ್ಪತ್ರೆಯಲ್ಲಿ ಪೂರ್ಣಾವಧಿ ಇರುತ್ತಾರೆ. ಇನ್ನು ಕೆಲವರು ವಾರದ ನಿಗದಿತ ದಿನಗಳಲ್ಲಿ ಬೇರೆ ಬೇರೆ ಊರುಗಳ ಆಸ್ಪತ್ರೆಗಳಿಗೆ ಹೋಗಿ ರೋಗಿಗಳನ್ನು ನೋಡುತ್ತಾರೆ. ನಮ್ಮ ಸಮಾಜದ ಮನೆಗಳು ಹೆಚ್ಚಾಗಿರುವ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಈ ತಜ್ಞರ ಕೆಲಸ ಹೇಗಿರುತ್ತದೆ, ಅದರಲ್ಲಿ ಮನೆಯವರ ಪಾಲೇನು ಎಂಬ ವಿವರ ಇಲ್ಲಿದೆ.

ಓದು ಮತ್ತು ತರಬೇತಿ

ಪಿಯುಸಿಯಲ್ಲಿ ವಿಜ್ಞಾನ ಓದಿ ನೀಟ್ ಪರೀಕ್ಷೆ ಬರೆದವರಿಗೆ ಎಂಬಿಬಿಎಸ್ ಐದೂವರೆ ವರ್ಷ. ಇದರಲ್ಲಿ ಒಂದು ವರ್ಷದ ಇಂಟರ್ನ್‌ಶಿಪ್ ಸೇರಿದೆ. ಆಮೇಲೆ ನೀಟ್ ಪಿಜಿ ಬರೆದು ಎಂ.ಎಸ್. ಆರ್ಥೋಪೆಡಿಕ್ಸ್ ಅಥವಾ ಡಿ.ಎನ್.ಬಿ. ಮೂರು ವರ್ಷ. ಮೊಣಕಾಲು ಅಥವಾ ಟ್ರಾಮಾ, ಅಂದರೆ ಅಪಘಾತದ ಗಾಯಗಳ ಚಿಕಿತ್ಸೆಯಲ್ಲೇ ಪರಿಣತಿ ಬೇಕೆಂದರೆ ಹಿರಿಯರ ಕೈಕೆಳಗೆ ಫೆಲೋಶಿಪ್ ಬೇರೆ. ಎಲ್ಲ ಸೇರಿದರೆ ಪಿಯುಸಿಯಿಂದ ಒಂಬತ್ತು ಹತ್ತು ವರ್ಷ. ಮಕ್ಕಳನ್ನು ಈ ದಾರಿಗೆ ಕಳುಹಿಸುವ ತಂದೆ ತಾಯಿ ಈ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಬೇಕು. ಇದು ರಾತ್ರಿ ಎರಡು ಗಂಟೆಗೂ ಫೋನ್ ಬರುವ ವೃತ್ತಿ.

ದೂರದ ಲೆಕ್ಕ

ಮಂಗಳೂರಿಗೆ ಬಿ.ಸಿ.ರೋಡಿನಿಂದ ಸುಮಾರು 25 ಕಿ.ಮೀ., ಮೂಡುಬಿದಿರೆಯಿಂದ 35, ಬೆಳ್ತಂಗಡಿಯಿಂದ 60. ಚಾರ್ಮಾಡಿ ಘಾಟಿಯ ಬುಡದ ಹಳ್ಳಿಗಳಿಂದ ಇನ್ನೂ ಹೆಚ್ಚು. ಬಂಟ್ವಾಳ ಮತ್ತು ಬೆಳ್ತಂಗಡಿಯಲ್ಲಿ ತಾಲೂಕು ಸರಕಾರಿ ಆಸ್ಪತ್ರೆಗಳಿವೆ. ಉಜಿರೆಯಲ್ಲಿ ಎಸ್‌ಡಿಎಂ ಆಸ್ಪತ್ರೆ, ಮೂಡುಬಿದಿರೆಯಲ್ಲಿ ಸಮುದಾಯ ಆರೋಗ್ಯ ಕೇಂದ್ರ ಮತ್ತು ಆಳ್ವಾಸ್ ಹೆಲ್ತ್ ಸೆಂಟರ್ ಇವೆ. ದೊಡ್ಡ ಗಾಯವಾದರೆ 1848ರಿಂದ ಇರುವ ವೆನ್ಲಾಕ್ ಜಿಲ್ಲಾಸ್ಪತ್ರೆಗೆ ಅಥವಾ ಮಂಗಳೂರಿನ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿಗೆ ಕಳುಹಿಸುತ್ತಾರೆ. ಇಲ್ಲೇ ಮಾಡಬಹುದಾದದ್ದು ಯಾವುದು, ಮಂಗಳೂರಿಗೆ ಕಳುಹಿಸಬೇಕಾದದ್ದು ಯಾವುದು ಎಂದು ಬೇಗ ನಿರ್ಧರಿಸುವುದು ಇಲ್ಲಿನ ತಜ್ಞರ ದೊಡ್ಡ ಕೆಲಸ.

ಎಲುಬು ಮುರಿದಾಗ

ಈ ಭಾಗದಲ್ಲಿ ಎಲುಬು ಮುರಿಯುವ ಕಾರಣಗಳು ಎಲ್ಲರಿಗೂ ಗೊತ್ತಿರುವಂಥವೇ: ಹೆದ್ದಾರಿಯಲ್ಲಿ ಬೈಕ್ ಅಪಘಾತ, ಅಡಿಕೆ ಮರದಿಂದ ಬೀಳುವುದು, ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಜಾರುವುದು, ಬಚ್ಚಲಲ್ಲಿ ಅಜ್ಜಿಯಂದಿರು ಬೀಳುವುದು. ಮರ ಹತ್ತುವುದನ್ನು ಕಡಿಮೆ ಮಾಡಲು ಈಗ ನೆಲದಲ್ಲೇ ನಿಂತು ಮದ್ದು ಬಿಡುವ, ಕೊಯ್ಯುವ ಕಾರ್ಬನ್ ಫೈಬರ್ ದೋಟಿಗಳು ಬಂದಿವೆ. ಬಂಟ್ವಾಳ ತಾಲೂಕಿನ ಸಜೀಪಮೂಡದ ಕೃಷಿಕ ಗಣಪತಿ ಭಟ್ಟರು ಮರ ಹತ್ತುವ ಬೈಕನ್ನೇ ಮಾಡಿದ್ದಾರೆ. ತೋಟ ಇರುವವರು ಕೆಲಸದವರ ಸುರಕ್ಷತೆಗಾಗಿ ಇಂಥವುಗಳಿಗೆ ಮಾಡುವ ಖರ್ಚನ್ನು ಅಹಿಂಸೆಯ ಭಾಗ ಎಂದೇ ತಿಳಿಯಬೇಕು.

ಮುರಿದ ಎಲುಬಿನ ವಿಷಯದಲ್ಲಿ ಕನ್ಸಲ್ಟೆಂಟ್ ಮೊದಲು ನೋಡುವುದು ಎಲುಬನ್ನಲ್ಲ, ಕಾಲಿಗೆ ರಕ್ತ ಹೋಗುತ್ತಿದೆಯೇ ಎಂಬುದನ್ನು. ಮೊಣಕಾಲಿನ ಹಿಂಭಾಗದಲ್ಲಿ ಕಾಲಿನ ಮುಖ್ಯ ರಕ್ತನಾಳ ಹಾದುಹೋಗುತ್ತದೆ. ಮೊಣಕಾಲಿನ ಕೀಲು ತಪ್ಪಿದಾಗ ಅದಕ್ಕೆ ಪೆಟ್ಟಾಗಬಹುದು. ಸುಮಾರು ಆರು ಗಂಟೆಯೊಳಗೆ ರಕ್ತಸಂಚಾರ ಸರಿಯಾಗದಿದ್ದರೆ ಕಾಲನ್ನೇ ಕಳೆದುಕೊಳ್ಳುವ ಅಪಾಯವಿದೆ. ಪಾದ ತಣ್ಣಗಾಗಿದ್ದರೆ, ಬಿಳಚಿದ್ದರೆ, ಬೆರಳು ಮರಗಟ್ಟಿದ್ದರೆ ಒಂದು ನಿಮಿಷವನ್ನೂ ಕಳೆಯಬಾರದು.

ಊರಿನಲ್ಲಿ ಎಲುಬು ಕಟ್ಟುವ ನಾಟಿ ವೈದ್ಯರ ಮೇಲೆ ಹಿರಿಯರಿಗೆ ನಂಬಿಕೆ ಇದೆ. ಆದರೆ ಎಕ್ಸ್‌ರೇ ಆಗುವ ಮೊದಲು ಎಣ್ಣೆ ಹಾಕಿ ತಿಕ್ಕುವುದು, ಬಿಗಿಯಾಗಿ ಪಟ್ಟು ಕಟ್ಟುವುದು ಅಪಾಯ. ಒಳಗೆ ಬಾವು ಬಂದು, ಹೊರಗಿನ ಕಟ್ಟು ಬಿಗಿಯಾದರೆ ಸ್ನಾಯುಗಳು ರಕ್ತವಿಲ್ಲದೆ ಸಾಯುತ್ತವೆ. ಕಟ್ಟಿದ ಮೇಲೆ ನೋವು ಕಡಿಮೆಯಾಗದೆ ಹೆಚ್ಚುತ್ತಾ ಹೋದರೆ ಅದೇ ಮೊದಲ ಸೂಚನೆ. ಇಷ್ಟನ್ನು ಮನೆಯವರೇ ಗಮನಿಸಿದರೆ ಎಷ್ಟೋ ಕಾಲುಗಳು ಉಳಿಯುತ್ತವೆ.

ಹಿಂದೆ ತೊಡೆಯ ಎಲುಬು ಮುರಿದವರು ತಿಂಗಳುಗಟ್ಟಲೆ ಕಾಲಿಗೆ ಭಾರ ಕಟ್ಟಿಕೊಂಡು ಮಲಗಿರಬೇಕಿತ್ತು. ಜರ್ಮನಿಯ ಗೆರ್ಹಾರ್ಡ್ ಕುಂಟ್ಷರ್ 1939ರಲ್ಲಿ ಎಲುಬಿನ ಒಳಗೇ ಲೋಹದ ಸಲಾಕೆ ಹಾಕುವ ವಿಧಾನ ಆರಂಭಿಸಿದರು. 1958ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯರು ಎಒ ಎಂಬ ಗುಂಪು ಕಟ್ಟಿ ಪ್ಲೇಟ್, ಸ್ಕ್ರೂಗಳ ಕ್ರಮವನ್ನು ಜಗತ್ತಿಗೆ ಕಲಿಸಿದರು. ಇಂದು ರಾಡ್ ಹಾಕಿದವರು ಬೇಗ ಎದ್ದು ನಡೆಯುತ್ತಿರುವುದಕ್ಕೆ ಇವರ ಕೆಲಸ ಕಾರಣ.

ಅಜ್ಜ ಅಜ್ಜಿಯರ ಸೊಂಟದ ಎಲುಬು ಮುರಿದಾಗ "ಈ ವಯಸ್ಸಿನಲ್ಲಿ ಆಪರೇಷನ್ ಯಾಕೆ, ಮನೆಯಲ್ಲೇ ಮಲಗಿರಲಿ" ಎನ್ನುವ ಮಾತು ಬರುತ್ತದೆ. ಇದು ಕರುಣೆಯ ಮಾತೆಂದು ತೋರಿದರೂ ಫಲ ಬೇರೆ. ಮಲಗಿದಲ್ಲೇ ಇದ್ದವರಿಗೆ ಬೆನ್ನುಹುಣ್ಣು, ನ್ಯುಮೋನಿಯಾ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು ಆಗುತ್ತದೆ. ದೇಹಸ್ಥಿತಿ ಒಪ್ಪಿದರೆ 48 ಗಂಟೆಯೊಳಗೆ ಆಪರೇಷನ್ ಮಾಡಿ ಎಬ್ಬಿಸಿ ಕೂರಿಸುವುದೇ ಒಳ್ಳೆಯದೆಂದು ತಜ್ಞರು ಹೇಳುತ್ತಾರೆ.

ಮೊಣಕಾಲು ಸವೆದಾಗ

ಐವತ್ತು ದಾಟಿದವರಲ್ಲಿ ಮೊಣಕಾಲು ನೋವಿಗೆ ಹೆಚ್ಚಿನ ಸಂದರ್ಭದಲ್ಲಿ ಕಾರಣ ಸವೆತ. ಒಳ್ಳೆಯ ಕನ್ಸಲ್ಟೆಂಟ್ ಎಲ್ಲರಿಗೂ ಆಪರೇಷನ್ ಬರೆಯುವುದಿಲ್ಲ. ತೂಕ ಇಳಿಸುವುದು, ತೊಡೆಯ ಸ್ನಾಯುಗಳಿಗೆ ವ್ಯಾಯಾಮ, ನೆಲದ ಬದಲು ಕುರ್ಚಿ, ಬೇಕಾದಷ್ಟೇ ನೋವಿನ ಮಾತ್ರೆ, ಇವು ಮೊದಲ ಹಂತ. ಮೆಡಿಕಲ್ ಅಂಗಡಿಯಿಂದ ತಾವೇ ತಂದು ವರ್ಷಗಟ್ಟಲೆ ನೋವಿನ ಮಾತ್ರೆ ನುಂಗಿದವರಿಗೆ ಕಿಡ್ನಿ, ಹೊಟ್ಟೆ ಎರಡೂ ಕೆಡುತ್ತವೆ. ರಾತ್ರಿ ನಿದ್ದೆ ಬಾರದಷ್ಟು ನೋವು, ನಡೆಯಲು ಆಗದ ಸ್ಥಿತಿ, ಕಾಲು ಸೊಟ್ಟಗಾಗುವುದು ಬಂದಾಗ ಕೀಲು ಬದಲಾವಣೆಯ ಮಾತು ಬರುತ್ತದೆ.

ಕೇಂದ್ರದ ಔಷಧ ಬೆಲೆ ಪ್ರಾಧಿಕಾರವು 2017ರ ಆಗಸ್ಟ್‌ನಲ್ಲಿ ಕೃತಕ ಮೊಣಕಾಲಿನ ಬೆಲೆಗೆ ಮಿತಿ ಹಾಕಿತು. ಸಾಮಾನ್ಯವಾಗಿ ಬಳಸುವ ಕೋಬಾಲ್ಟ್ ಕ್ರೋಮಿಯಂ ಕೀಲಿಗೆ ಆಗ ನಿಗದಿಯಾದದ್ದು 54,720 ರೂ., ತೆರಿಗೆ ಬೇರೆ. ಆದ್ದರಿಂದ ಬಿಲ್ಲಿನಲ್ಲಿ ಇಂಪ್ಲಾಂಟ್ ಬೆಲೆ, ಕಂಪೆನಿಯ ಹೆಸರು ಪ್ರತ್ಯೇಕ ಇರುವಂತೆ ಕೇಳಿ ಪಡೆಯಬೇಕು. ಕೀಲು ಎಷ್ಟು ವರ್ಷ ಬರುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಹತ್ತರಲ್ಲಿ ಎಂಟು ಕೀಲುಗಳು 25 ವರ್ಷ ಬಾಳುತ್ತವೆ ಎಂದು 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಲೆಕ್ಕ ಹಾಕಿದೆ. ಆದರೆ ಆಪರೇಷನ್ನಿನಷ್ಟೇ ಮುಖ್ಯ ಆಮೇಲಿನ ಫಿಸಿಯೋಥೆರಪಿ. ನೋವೆಂದು ಕಾಲು ಮಡಚದೆ ಕೂತರೆ ಕೀಲು ಬಿಗಿಯುತ್ತದೆ.

ವ್ರತ, ಪೂಜೆ, ಯಾತ್ರೆ

ಜೈನ ಮನೆಯವರು ವೈದ್ಯರಲ್ಲಿ ಮುಚ್ಚಿಡದೆ ಹೇಳಬೇಕಾದ ಕೆಲವು ವಿಷಯಗಳಿವೆ. ರಾತ್ರಿ ಭೋಜನ ತ್ಯಾಗ, ಏಕಾಸನ, ಉಪವಾಸ ಇದ್ದರೆ ಮಾತ್ರೆಗಳ ಸಮಯವನ್ನು ಹಗಲಿಗೆ ಹೊಂದಿಸಬಹುದೇ ಎಂದು ಮೊದಲೇ ಕೇಳಬೇಕು. ಖಾಲಿ ಹೊಟ್ಟೆಗೆ ನೋವಿನ ಮಾತ್ರೆ ಬೇಡ. ಸಕ್ಕರೆ ಕಾಯಿಲೆ ಇದ್ದವರಿಗೆ ಆಪರೇಷನ್ ಸಮಯದ ಉಪವಾಸ ವೈದ್ಯರ ಲೆಕ್ಕದಂತೆಯೇ ಆಗಬೇಕು.

ಕ್ಯಾಪ್ಸೂಲಿನ ಹೊರಕವಚ ಸಾಮಾನ್ಯವಾಗಿ ಪ್ರಾಣಿಜನ್ಯ ಜೆಲಟಿನ್. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಜಾತಿಯ ಇಂಜೆಕ್ಷನ್ನುಗಳನ್ನು ಹಂದಿಯ ಕರುಳಿನಿಂದ ತಯಾರಿಸುತ್ತಾರೆ. ಇದು ಬಹಳ ಜನರಿಗೆ ಗೊತ್ತಿಲ್ಲ. ಅದೇ ಕೆಲಸ ಮಾಡುವ, ರಾಸಾಯನಿಕವಾಗಿ ತಯಾರಾದ ಮಾತ್ರೆಗಳೂ ಇವೆ. ಅವು ತಮಗೆ ಹೊಂದುತ್ತವೆಯೇ ಎಂದು ಆಪರೇಷನ್ ದಿನ ಗೊತ್ತುಮಾಡುವಾಗಲೇ ಕೇಳಬೇಕು. ತುರ್ತು ಸಂದರ್ಭದಲ್ಲಿ ಮಾತ್ರ ಜೀವ ಉಳಿಸುವುದು ಮೊದಲು. ಆಗ ವೈದ್ಯರ ಮಾತು ಕೇಳಬೇಕು, ತಾವಾಗಿ ಔಷಧ ನಿಲ್ಲಿಸಬಾರದು.

ಕೀಲು ಬದಲಾಯಿಸಿದವರಿಗೆ ನೆಲದಲ್ಲಿ ಪದ್ಮಾಸನ ಹಾಕಬೇಡಿ ಎನ್ನುತ್ತಾರೆ. ಸಾಮಾಯಿಕ, ಪೂಜೆಗೆ ಕುರ್ಚಿ ಸಾಕು. ಭಾವ ಮುಖ್ಯ. ಬಸದಿಗಳ ಆಡಳಿತದವರು ನಾಲ್ಕು ಕುರ್ಚಿ, ಮೆಟ್ಟಿಲಿಗೊಂದು ಕೈಹಿಡಿ ಮಾಡಿಸಿದರೆ ಎಷ್ಟೋ ಹಿರಿಯರು ದರ್ಶನ ಬಿಡದೆ ಬರುತ್ತಾರೆ. ಸಮ್ಮೇದ ಶಿಖರ್ಜಿಯ ವಂದನೆ ಸುಮಾರು 27 ಕಿ.ಮೀ. ನಡಿಗೆ. ಮೊಣಕಾಲಿಗೆ ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ನೋವಿದ್ದವರು ಡೋಲಿ ಹಿಡಿಯಲು ಸಂಕೋಚಪಡಬಾರದು.

ಹಣ, ಕಾಗದಪತ್ರ

108 ಆಂಬುಲೆನ್ಸ್ ರಾಜ್ಯದಲ್ಲಿ 2008ರಿಂದ ಇದೆ. ರಸ್ತೆ ಅಪಘಾತಕ್ಕೆ 2025ರ ಮೇ ತಿಂಗಳಲ್ಲಿ ಜಾರಿಯಾದ ಕೇಂದ್ರ ಯೋಜನೆಯಲ್ಲಿ, ನಿಗದಿಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನದೊಳಗೆ 1.5 ಲಕ್ಷ ರೂ.ವರೆಗೆ ನಗದುರಹಿತ ಚಿಕಿತ್ಸೆಗೆ ಅವಕಾಶವಿದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ವೆಚ್ಚದ ಶೇ. 30 ದೊರೆಯುತ್ತದೆ. ಮೊದಲೇ ದಿನ ಗೊತ್ತುಮಾಡಿದ ಆಪರೇಷನ್ನಿಗೆ ಸಾಮಾನ್ಯವಾಗಿ ಸರಕಾರಿ ಆಸ್ಪತ್ರೆಯ ರೆಫರಲ್ ಬೇಕು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸದಸ್ಯರಿಗೆ 2004ರಲ್ಲಿ ಆರಂಭವಾದ ಸಂಪೂರ್ಣ ಸುರಕ್ಷಾ ಇದೆ.

ಅಪಘಾತದ ಕೇಸಿನಲ್ಲಿ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುತ್ತಾರೆ. ಗಾಯದ ಪ್ರಮಾಣಪತ್ರ, ಆಮೇಲೆ ಊನದ ಪ್ರಮಾಣಪತ್ರ ಕೊಡುವುದು, ಪರಿಹಾರದ ಕೇಸಿನಲ್ಲಿ ಕೋರ್ಟಿಗೆ ಹೋಗಿ ಸಾಕ್ಷಿ ಹೇಳುವುದು ಕೂಡ ಕನ್ಸಲ್ಟೆಂಟರ ಕೆಲಸವೇ. ಎಕ್ಸ್‌ರೇ, ಡಿಸ್ಚಾರ್ಜ್ ಕಾರ್ಡ್, ಬಿಲ್ಲು ಒಂದನ್ನೂ ಬಿಸಾಡಬಾರದು. ಗಾಯಾಳುವನ್ನು ಆಸ್ಪತ್ರೆಗೆ ತಲುಪಿಸಿದ ದಾರಿಹೋಕರಿಗೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ರಕ್ಷಣೆ ಇದೆ. ಹೆಸರು ಹೇಳಲೇಬೇಕೆಂದು ಅವರನ್ನು ಒತ್ತಾಯಿಸುವಂತಿಲ್ಲ. ಕೇಸಿನ ಹೆದರಿಕೆಯಿಂದ ಗಾಡಿ ನಿಲ್ಲಿಸದೆ ಹೋಗಬೇಕಾಗಿಲ್ಲ.

ನೆನಪಿಡಬೇಕಾದದ್ದು

1. ಮುರಿದಿರಬಹುದಾದ ಕಾಲನ್ನು ಎಳೆದು ನೇರ ಮಾಡಬೇಡಿ. ಅಡಿಕೆ ಹಾಳೆ, ಕೊಡೆ, ಮರದ ಪಟ್ಟಿ ಯಾವುದಾದರೂ ಆಧಾರವಿಟ್ಟು ಸಡಿಲವಾಗಿ ಕಟ್ಟಿ.
2. ಎಲುಬು ಹೊರಗೆ ಬಂದಿದ್ದರೆ ಒಳಗೆ ತಳ್ಳಬೇಡಿ. ಶುದ್ಧ ಬಟ್ಟೆ ಮುಚ್ಚಿ. ಇದಕ್ಕೆ ಆಂಟಿಬಯೋಟಿಕ್ ಬೇಗ ಬೀಳಬೇಕು.
3. ಆಸ್ಪತ್ರೆ ತಲುಪುವವರೆಗೆ ತಿನ್ನಲು, ಕುಡಿಯಲು ಏನೂ ಕೊಡಬೇಡಿ. ಅರಿವಳಿಕೆಗೆ ತೊಂದರೆ.
4. ಸಕ್ಕರೆ ಕಾಯಿಲೆ, ಬಿಪಿ, ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಚೀಟಿ ಜೊತೆಗೇ ಒಯ್ಯಿರಿ.

ಚತುರ್ವಿಧ ದಾನಗಳಲ್ಲಿ ಔಷಧ ದಾನವೂ ಒಂದು. ಹಣ ಕೊಟ್ಟರೆ ಮಾತ್ರ ಅದು ದಾನ ಎಂದೇನಿಲ್ಲ. ಬಿದ್ದವರನ್ನು ಸರಿಯಾಗಿ ಎತ್ತಿ ವೇಳೆಗೆ ಆಸ್ಪತ್ರೆ ಮುಟ್ಟಿಸಿದರೆ ಅದೂ ಔಷಧ ದಾನವೇ. ತಜ್ಞರ ಕೆಲಸ ಶುರುವಾಗುವುದು ಅಲ್ಲಿಂದ ಮೇಲೆ.