ಬೆಣ್ಣೆಯ ಊರು ಮತ್ತು ಕೊಲೆಸ್ಟ್ರಾಲ್ ವಿಜ್ಞಾನ: ಒಂದು ಚಾರಿತ್ರಿಕ ಅವಲೋಕನ

ತುಂಗಭದ್ರೆಯ ದಡದ ಹರಿಹರ ಮತ್ತು ಅದಕ್ಕೆ ಸಮೀಪದ ದಾವಣಗೆರೆ 20ನೆಯ ಶತಮಾನದಲ್ಲಿ ಕೈಗಾರಿಕಾ ಪಟ್ಟಣಗಳಾಗಿ ಬೆಳೆದವು. ದಾವಣಗೆರೆ ಹತ್ತಿ ಗಿರಣಿಗಳಿಂದ ಹೆಸರಾದರೆ, ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಆರಂಭವಾಯಿತು. ಮೈಮುರಿದು ದುಡಿಯುವವರ ಈ ಪರಿಸರದಲ್ಲಿಯೇ ಬೆಣ್ಣೆ ದೋಸೆ ಪ್ರಸಿದ್ಧಿಗೆ ಬಂದಿತು. ಸ್ಥಳೀಯವಾಗಿ ಪ್ರಚಲಿತವಿರುವ ನಿರೂಪಣೆಯಂತೆ, 1928ರ ಸುಮಾರಿನಲ್ಲಿ ಚೆನ್ನಮ್ಮ ಎಂಬುವರು ದಾವಣಗೆರೆಯಲ್ಲಿ ರಾಗಿ ದೋಸೆಯಿಂದ ಈ ವ್ಯಾಪಾರವನ್ನು ಆರಂಭಿಸಿದರು. ಅಕ್ಕಿ, ಉದ್ದು, ಮಂಡಕ್ಕಿಗಳ ಹಿಟ್ಟು ಹಾಗೂ ಧಾರಾಳ ಬೆಣ್ಣೆಯ ಈಗಿನ ರೂಪವು ಅವರ ಮಕ್ಕಳ ಕಾಲದ್ದು. 1965ರಲ್ಲಿ ಇದೇ ನಗರದಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಸ್ಥಾಪನೆಯಾಯಿತು. ಬೆಣ್ಣೆಗೆ ಹೆಸರಾದ ಊರು ವೈದ್ಯಶಿಕ್ಷಣದ ಕೇಂದ್ರವೂ ಆದ ಶತಮಾನದಲ್ಲಿ, ಆಹಾರ ಮತ್ತು ಕೊಲೆಸ್ಟ್ರಾಲ್‌ನ ಸಂಬಂಧವನ್ನು ಕುರಿತ ತಿಳಿವಳಿಕೆಯೂ ಹಲವು ಬಾರಿ ಬದಲಾಯಿತು.

ಮೊದಲ ಘಟ್ಟ 1913ರದು. ರಷ್ಯಾದ ನಿಕೊಲಾಯ್ ಅನಿಚ್ಕೋವ್ ಮೊಲಗಳಿಗೆ ಕೊಲೆಸ್ಟ್ರಾಲ್ ತಿನ್ನಿಸಿ, ಅವುಗಳ ರಕ್ತನಾಳಗಳಲ್ಲಿ ಕೊಬ್ಬು ಶೇಖರವಾಗುವುದನ್ನು ತೋರಿಸಿದನು. ಆದರೆ ಮೊಲ ಸಸ್ಯಾಹಾರಿ. ಅದರ ದೇಹವು ಇಂತಹ ಆಹಾರಕ್ಕೆ ಒಗ್ಗಿದುದಲ್ಲ. ಮನುಷ್ಯನ ಸ್ಥಿತಿ ಭಿನ್ನವಾದುದು. ಅವನ ದೇಹದಲ್ಲಿರುವ ಕೊಲೆಸ್ಟ್ರಾಲ್‌ನ ಹೆಚ್ಚಿನ ಪಾಲು ದೇಹವೇ ತಯಾರಿಸಿದುದು. ಆಹಾರದಿಂದ ಬಂದುದರಲ್ಲಿ ಸುಮಾರು ಅರ್ಧದಷ್ಟು ಮಾತ್ರ ಕರುಳಿನಿಂದ ಹೀರಲ್ಪಡುತ್ತದೆ; ಹೆಚ್ಚು ತಿಂದಾಗ ಯಕೃತ್ತು ತನ್ನ ಉತ್ಪಾದನೆಯನ್ನು ತಗ್ಗಿಸುತ್ತದೆ. ಈ ಹೊಂದಾಣಿಕೆಯು ಎಲ್ಲರಲ್ಲಿಯೂ ಒಂದೇ ಪ್ರಮಾಣದಲ್ಲಿರುವುದಿಲ್ಲ.

ಎರಡನೆಯ ಘಟ್ಟದಲ್ಲಿ ಈ ಸಮತೋಲನದ ಕೀಲಿ ದೊರೆಯಿತು. ಅಮೆರಿಕದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್ ಅವರು 1970ರ ದಶಕದಲ್ಲಿ, ರಕ್ತದಲ್ಲಿರುವ ಎಲ್‌ಡಿಎಲ್ ಕಣಗಳನ್ನು ಜೀವಕೋಶದೊಳಕ್ಕೆ ಸೆಳೆದುಕೊಳ್ಳುವ ಗ್ರಾಹಿಗಳನ್ನು ಕಂಡುಹಿಡಿದು, 1985ರಲ್ಲಿ ನೊಬೆಲ್ ಪ್ರಶಸ್ತಿಗೆ ಪಾತ್ರರಾದರು. ಅದೇ ದಶಕದಲ್ಲಿ ಜಪಾನಿನ ಅಕಿರಾ ಎಂಡೊ ಸುಮಾರು 6,000 ಸೂಕ್ಷ್ಮಜೀವಿ ತಳಿಗಳನ್ನು ಪರೀಕ್ಷಿಸಿ, 1973ರಲ್ಲಿ ಪೆನಿಸಿಲಿಯಂ ಜಾತಿಯ ಬೂಷ್ಟೊಂದರಿಂದ ಮೊದಲ ಸ್ಟ್ಯಾಟಿನ್ ಅನ್ನು ಬೇರ್ಪಡಿಸಿದರು. 1987ರಲ್ಲಿ ಲೊವಾಸ್ಟ್ಯಾಟಿನ್ ಅಮೆರಿಕದಲ್ಲಿ ಔಷಧಿಯಾಗಿ ಮಾನ್ಯತೆ ಪಡೆಯಿತು. 1994ರಲ್ಲಿ ಪ್ರಕಟವಾದ ಸ್ಕ್ಯಾಂಡಿನೇವಿಯಾದ ಅಧ್ಯಯನವು 4,444 ಹೃದ್ರೋಗಿಗಳಲ್ಲಿ ಸಿಮ್ವಾಸ್ಟ್ಯಾಟಿನ್ ಸಾವಿನ ಪ್ರಮಾಣವನ್ನು ಶೇ. 30ರಷ್ಟು ತಗ್ಗಿಸಿದುದನ್ನು ತೋರಿಸಿತು.

ಸ್ಟ್ಯಾಟಿನ್ ಯಕೃತ್ತಿನಲ್ಲಿ ಕೊಲೆಸ್ಟ್ರಾಲ್ ತಯಾರಿಸುವ ಮುಖ್ಯ ಕಿಣ್ವವನ್ನು ತಡೆಯುತ್ತದೆ. ಕೊರತೆಯನ್ನು ಅರಿತ ಯಕೃತ್ತು ತನ್ನ ಗ್ರಾಹಿಗಳನ್ನು ಹೆಚ್ಚಿಸಿಕೊಂಡು ರಕ್ತದಿಂದ ಎಲ್‌ಡಿಎಲ್ ಅನ್ನು ಸೆಳೆಯುತ್ತದೆ. ದೇಹವೂ ಇದಕ್ಕೆ ಪ್ರತಿಯಾಗಿ ವರ್ತಿಸುತ್ತದೆ: ಕರುಳಿನ ಹೀರುವಿಕೆ ಏರುವ ಪ್ರವೃತ್ತಿ ಕಾಣುತ್ತದೆ. ಮಾತ್ರೆಯ ಪ್ರಮಾಣವನ್ನು ಇಮ್ಮಡಿಗೊಳಿಸಿದರೂ ಎಲ್‌ಡಿಎಲ್ ಇನ್ನು ಶೇ. 6ರಷ್ಟು ಮಾತ್ರ ಇಳಿಯುತ್ತದೆ. ಕರುಳಿನ ದಾರಿಯನ್ನು ತಡೆಯುವ ಎಜೆಟಿಮೈಬ್ ಎಂಬ ಔಷಧಿ 2002ರಲ್ಲಿ ಬಳಕೆಗೆ ಬಂದು, ಸ್ಟ್ಯಾಟಿನ್ ಜೊತೆಗೆ ಕೊಡಲ್ಪಡುತ್ತಿರುವುದು ಇದೇ ಕಾರಣಕ್ಕೆ.

ಮೂರನೆಯ ಘಟ್ಟವು ಬೆಣ್ಣೆಗೆ ನೇರವಾಗಿ ಸಂಬಂಧಿಸಿದುದು. ಆಹಾರದ ಕೊಲೆಸ್ಟ್ರಾಲ್ ದಿನಕ್ಕೆ 300 ಮಿಲಿಗ್ರಾಂ ಮೀರಬಾರದೆಂಬ ಅಂಕಿಯನ್ನು ಅಮೆರಿಕದ ಆಹಾರ ಮಾರ್ಗಸೂಚಿ 2015ರ ಆವೃತ್ತಿಯಲ್ಲಿ ಕೈಬಿಟ್ಟಿತು. ಆದರೆ ಸ್ಯಾಚುರೇಟೆಡ್ ಕೊಬ್ಬಿನಿಂದ ಬರುವ ಶಕ್ತಿಯು ಒಟ್ಟು ಶಕ್ತಿಯ ಶೇ. 10ಕ್ಕಿಂತ ಕಡಿಮೆಯಿರಬೇಕೆಂಬ ಸಲಹೆಯನ್ನು ಉಳಿಸಿಕೊಂಡಿತು. 15 ಗ್ರಾಂ ಬೆಣ್ಣೆಯಲ್ಲಿ ಕೊಲೆಸ್ಟ್ರಾಲ್ ಇರುವುದು ಸುಮಾರು 30 ಮಿಲಿಗ್ರಾಂ ಮಾತ್ರ. ಸ್ಯಾಚುರೇಟೆಡ್ ಕೊಬ್ಬು ಸುಮಾರು 7.5 ಗ್ರಾಂ. 2,000 ಕ್ಯಾಲೊರಿಯ ಆಹಾರಕ್ಕೆ ಮೇಲಿನ ಮಿತಿ ಸುಮಾರು 22 ಗ್ರಾಂ ಆಗುವುದರಿಂದ, 45 ಗ್ರಾಂ ಬೆಣ್ಣೆಯಲ್ಲಿಯೇ ಅದು ಮುಗಿಯುತ್ತದೆ. ಈ ಕೊಬ್ಬು ಯಕೃತ್ತಿನ ಗ್ರಾಹಿಗಳ ಚಟುವಟಿಕೆಯನ್ನು ಕುಗ್ಗಿಸುತ್ತದೆ. ಸ್ಟ್ಯಾಟಿನ್ ತೆರೆಯುವ ಬಾಗಿಲನ್ನೇ ಅದು ಮುಚ್ಚತೊಡಗುತ್ತದೆ.

ಈ ಚರಿತ್ರೆಯು ಎರಡು ತಪ್ಪು ತೀರ್ಮಾನಗಳನ್ನು ತಳ್ಳಿಹಾಕುತ್ತದೆ. ಮಾತ್ರೆ ಸೇವಿಸುವುದರಿಂದ ಬೆಣ್ಣೆಗೆ ಮಿತಿ ಬೇಡವೆಂಬುದು ಒಂದು; ಬೆಣ್ಣೆ ಬಿಟ್ಟುದರಿಂದ ಮಾತ್ರೆಯನ್ನು ತಾನಾಗಿಯೇ ನಿಲ್ಲಿಸಬಹುದೆಂಬುದು ಇನ್ನೊಂದು. ಎರಡನೆಯದು ಹೆಚ್ಚು ಅಪಾಯಕರ. ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ ಅಧ್ಯಯನ ಮಾಡಿದ ಆನುವಂಶಿಕ ದೋಷವಿರುವವರಲ್ಲಿ ಗ್ರಾಹಿಗಳೇ ಕಡಿಮೆಯಿರುವುದರಿಂದ, ಪಥ್ಯವೊಂದರಿಂದಲೇ ಎಲ್‌ಡಿಎಲ್ ಸಾಕಷ್ಟು ಇಳಿಯಲಾರದು. ಗಿರಣಿಯ ದುಡಿಮೆಯ ಕಾಲದಲ್ಲಿ ರೂಢಿಗೆ ಬಂದ ತಿನಿಸು ದುಡಿಮೆಯ ರೀತಿ ಬದಲಾದ ಮೇಲೂ ಉಳಿದುಬಂದಿದೆ. ಅದನ್ನು ಉಳಿಸಿಕೊಳ್ಳುವುದಕ್ಕೂ ಅದರ ಅಳತೆಯನ್ನು ಅರಿಯುವುದಕ್ಕೂ ವಿರೋಧವಿಲ್ಲ.