ಹರಿಗೋಲು, ಗಾಳ ಮತ್ತು ನಾಂಪಲ್ಲಿಯ ಮೀನು

ಮೃಗಶಿರಾ ಮಳೆ ಹುಟ್ಟುವ ದಿನ, ಜೂನ್ 7 ಅಥವಾ 8ರ ಸುಮಾರಿಗೆ, ನಾಂಪಲ್ಲಿ ಸ್ಟೇಷನ್ನಿನಲ್ಲಿ ಇಳಿದವರು ಎಕ್ಸಿಬಿಷನ್ ಮೈದಾನದ ದಾರಿ ಕೇಳಬೇಕಿಲ್ಲ. ಜನ ಹೋಗುತ್ತಿರುವ ಕಡೆಗೆ ನಡೆದರಾಯಿತು. ಬತ್ತಿನಿ ಮನೆತನದವರು ಉಬ್ಬಸದವರಿಗೆ ಕೊಡುವ ಮೀನಿನ ಪ್ರಸಾದಕ್ಕೆ ತೆಲಂಗಾಣದವರಷ್ಟೇ ಅಲ್ಲ, ನಮ್ಮ ಕಲ್ಯಾಣ ಕರ್ನಾಟಕದ ಕಡೆಯವರೂ ಬಂದು ಸಾಲು ನಿಲ್ಲುತ್ತಾರೆ. 1845ರಿಂದ ನಡೆದುಬಂದದ್ದು ಎಂದು ಮನೆತನದವರು ಹೇಳುತ್ತಾರೆ. ಎರಡು ಮೂರು ಇಂಚಿನ ಜೀವಂತ ಮೀನಿನ ಬಾಯಲ್ಲಿ ಹಳದಿ ಔಷಧಿಯ ಉಂಡೆ ಇಟ್ಟು ಹಾಗೇ ನುಂಗಿಸುತ್ತಾರೆ. ಮೀನು ತಿನ್ನದವರಿಗೆ ಬೆಲ್ಲದಲ್ಲಿ. ಇದರಿಂದ ಗುಣವಾಗುತ್ತದೆ ಎಂಬುದನ್ನು ವೈದ್ಯವಿಜ್ಞಾನ ಒಪ್ಪಿಲ್ಲ. ಆ ಜಗಳ ಹಳೆಯದು, ಇಲ್ಲಿ ಬೇಡ. ಇಲ್ಲಿ ನನಗೆ ಬೇಕಾದದ್ದು ಆ ಮೀನು.

ಅದು ಮುರೆಲ್. ತೆಲುಗಿನಲ್ಲಿ ಕೊರ್ರಮೀನು, ನಮ್ಮ ಕೆಲವು ಕಡೆ ಕೊರವ, ಕೆಲವು ಕಡೆ ಕುಚ್ಚು ಮೀನು. ತಲೆ ಹಾವಿನ ತಲೆಯಂತೆ ಚಪ್ಪಟೆ. ಕಿವಿರು ಇದ್ದರೂ ಆಗಾಗ ಮೇಲೆ ಬಂದು ಗಾಳಿ ಗುಟುಕರಿಸದಿದ್ದರೆ ಇದಕ್ಕೆ ಉಸಿರು ಕಟ್ಟುತ್ತದೆ. ಪ್ಲಾಸ್ಟಿಕ್ ಚೀಲದ ಹಿಡಿಯಷ್ಟು ನೀರಿನಲ್ಲಿ, ಜೂನಿನ ಸೆಕೆಯಲ್ಲಿ, ಗಂಟೆಗಟ್ಟಲೆ ಸಾಲಿನಲ್ಲಿ ನಿಂತವರ ಕೈಯಲ್ಲಿ ಅದು ಬದುಕಿರುವುದು ಇದರಿಂದಲೇ. ತೆಲಂಗಾಣ ಸರ್ಕಾರ 2016ರಲ್ಲಿ ಇದನ್ನು ರಾಜ್ಯದ ಮೀನು ಎಂದು ಘೋಷಿಸಿತು. ಮೈದಾನಕ್ಕೆ ಬರುವ ಮರಿಗಳನ್ನು ಈಗ ಮೀನುಗಾರಿಕೆ ಇಲಾಖೆ ಒದಗಿಸುತ್ತದೆ. ಅದಕ್ಕೂ ಮೊದಲು, ಕೆರೆಯ ಪಾಚಿಯೊಳಗಿಂದ ಇದನ್ನು ಹಿಡಿದು ತರುತ್ತಿದ್ದವರು ಯಾರು, ಯಾವ ದೋಣಿಯಲ್ಲಿ, ಯಾವ ಸಲಕರಣೆಯಿಂದ?

ಅಮೆರಿಕದಲ್ಲಿರುವ ನಮ್ಮವರು ವಾರಾಂತ್ಯದಲ್ಲಿ ‘ಬಾಸ್’ ಹಿಡಿದ ಚಿತ್ರ ಕಳಿಸುತ್ತಿರುತ್ತಾರಲ್ಲ, ಆ ಬಾಸ್ ನಮ್ಮ ನೀರಿನದಲ್ಲ. ಅಲ್ಲಿ ಬಾಸ್ ಮಾಡುವ ಕೆಲಸವನ್ನು ಇಲ್ಲಿ ಮುರೆಲ್ ಮಾಡುತ್ತದೆ: ಕಳೆಯ ನೆರಳಲ್ಲಿ ಅಲ್ಲಾಡದೆ ಹೊಂಚಿ ಕೂತು, ತಲೆಯ ಮೇಲೆ ಕಪ್ಪೆ ಹಾದರೆ ಎಗರುವುದು. ಅಲ್ಲಿನವರು ಈ ಒಂದು ಬೇಟೆಗಾಗಿ ದೊಡ್ಡ ಶಾಸ್ತ್ರವನ್ನೇ ಕಟ್ಟಿದ್ದಾರೆ. ಜೇಮ್ಸ್ ಹೆನ್ಶಾಲ್ ಎಂಬ ವೈದ್ಯ 1881ರಲ್ಲಿ ಬಾಸ್ ಮೀನಿನ ಮೇಲೇ ಒಂದು ದಪ್ಪ ಪುಸ್ತಕ ಬರೆದ. 1948ರಲ್ಲಿ ಲೂಸಿಯಾನಾದ ಹೋಮ್ಸ್ ಥರ್ಮಂಡ್ ಅದಕ್ಕೆಂದೇ ತಳ ಅಗಲವಾದ ಒಂದು ಪ್ಲೈವುಡ್ ದೋಣಿ ಮಾಡಿದ. ಇಂದಿನ ಬಾಸ್ ದೋಣಿಗಳ ವಂಶ ಅಲ್ಲಿಂದ. ಅವರು ದೋಣಿಯಿಂದ ಬಯಸಿದ್ದು ಹೆಚ್ಚೇನಲ್ಲ. ಗೇಣುದ್ದ ನೀರಿನಲ್ಲೂ ತೇಲಬೇಕು, ಸದ್ದು ಮಾಡಬಾರದು, ಕಳೆಗೆ ಸಿಕ್ಕಿಕೊಳ್ಳಬಾರದು, ಒಬ್ಬಿಬ್ಬರು ಎತ್ತಿ ನೀರಿಗೆ ಇಳಿಸುವಂತಿರಬೇಕು. ಪಟ್ಟಿ ಓದಿದರೆ ದಖ್ಖನದವರಿಗೆ ನಗು ಬರಬೇಕು. ಅಂಥದೊಂದು ದೋಣಿ ನಮ್ಮಲ್ಲಿ ಎಷ್ಟೋ ಶತಮಾನಗಳಿಂದ ಇತ್ತು.

ಅದು ಹರಿಗೋಲು. ಕಾವೇರಿ ತೀರದವರು ತೆಪ್ಪ ಎಂದೂ ಹೇಳುವುದುಂಟು. ಕೃಷ್ಣೆ ದಾಟಿ ತೆಲುಗು ಸೀಮೆಗೆ ಬಂದರೆ ಅದೇ ಪುಟ್ಟಿ. ಬುಟ್ಟಿ, ಪುಟ್ಟಿ ಎರಡೂ ಒಂದೇ ಮನೆಯ ಮಾತುಗಳಂತೆ ಕೇಳಿಸುತ್ತವೆ, ವಸ್ತುವೂ ಹಾಗೇ ಇದೆ. ವಿಜಯನಗರಕ್ಕೆ 1520ರ ಸುಮಾರಿಗೆ ಬಂದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯಸ್, ಆನೆಗೊಂದಿಗೆ ಹೊಳೆ ದಾಟಿಸುವ ಈ ದುಂಡು ದೋಣಿಗಳ ಬಗ್ಗೆ ಬರೆದಿಟ್ಟಿದ್ದಾನೆ: ಒಳಗೆ ಹೆಣಿಗೆ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ, ಬೇಕಾದರೆ ಕುದುರೆ ಎತ್ತುಗಳೂ ದಾಟುತ್ತವೆ, ಹುಟ್ಟು ಹಾಕಿದಂತೆಲ್ಲ ತಿರುಗುತ್ತಲೇ ಸಾಗುತ್ತವೆ. ಈ ತಿರುಗಾಟ ಅವನಿಗೆ ವಿಚಿತ್ರವಾಗಿ ಕಂಡಿರಬೇಕು. ಹೆರೊಡೋಟಸ್ ಬ್ಯಾಬಿಲೋನಿನಲ್ಲಿ ಇಂಥದೇ ದುಂಡನೆಯ ಚರ್ಮದ ದೋಣಿಗಳನ್ನು ಕಂಡಿದ್ದ. ಹಾಗೆಂದು ಅದು ಅಲ್ಲಿಂದ ಇಲ್ಲಿಗೆ ಬಂತು ಎಂದು ಹೊರಡುವವರ ಜೊತೆ ನಾನಿಲ್ಲ. ಬಿದಿರೂ ತೊಗಲೂ ಬಂಡೆ ತುಂಬಿದ ಹೊಳೆಯೂ ಒಂದೆಡೆ ಇದ್ದರೆ ಯಾರಿಗಾದರೂ ಹೊಳೆಯುವ ಆಕಾರ ಅದು.

ಬಂಡೆ ಎಂಬುದು ಮುಖ್ಯ. ತುಂಗಭದ್ರೆ, ಕೃಷ್ಣೆ, ಕಾವೇರಿ ಮೂರೂ ಕಲ್ಲಿನ ಮೇಲೆ ಹರಿಯುವ ಹೊಳೆಗಳು. ಮರದ ದೋಣಿ ಕಲ್ಲಿಗೆ ಬಡಿದರೆ ಹಲಗೆ ಸೀಳುತ್ತದೆ. ಸೀಳಿದ ಬಿದಿರಿನಿಂದ ಹೆಣೆದ ಹರಿಗೋಲು ಬಡಿದ ಕಡೆ ತಗ್ಗಿ ಮತ್ತೆ ಉಬ್ಬುತ್ತದೆ. ತಳದಲ್ಲಿ ಏಣು ಇಲ್ಲ, ಹಾಗಾಗಿ ಮೊಣಕಾಲುದ್ದದ ನೀರೂ ಸಾಕು. ಮೀನುಗಾರನ ಚಿಕ್ಕ ಹರಿಗೋಲಾದರೆ ಕೆಲಸ ಮುಗಿದ ಮೇಲೆ ಒಬ್ಬನೇ ತಲೆಯ ಮೇಲೆ ಬೋರಲು ಹೊತ್ತು ನಡೆಯುತ್ತಾನೆ. ದೂರದಿಂದ ಆಮೆಯೊಂದು ಎದ್ದು ನಿಂತು ಹೋಗುತ್ತಿರುವಂತೆ ಕಾಣುತ್ತದೆ. ಹುಟ್ಟು ಹಾಕುವುದು ಹಿಂದಿನಿಂದಲ್ಲ, ಮುಂದಿನಿಂದ. ಕುಕ್ಕರಗಾಲಲ್ಲಿ ಕೂತು ಮುಂದಿನ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳಬೇಕು. ಹೊಸಬರು ಕೂತಲ್ಲೇ ಗಿರಗಿರ ತಿರುಗುತ್ತಾರೆ. ಕೃಷ್ಣೆಯಲ್ಲಿ ಇನ್ನೊಂದು ಲೆಕ್ಕವೂ ಉಂಟು: ರಾಯಚೂರಿನ ಕಡೆ ಹೊಳೆಯಲ್ಲಿ ಮೊಸಳೆಗಳಿವೆ.

ಹೊದಿಕೆ ಕಾಲಕ್ಕೆ ತಕ್ಕಂತೆ ಬದಲಾಗಿದೆ. ಪಾಯಸ್ ನೋಡಿದ ಚರ್ಮ ಹೋಗಿ ಗೊಬ್ಬರದ ಚೀಲ ಬಂತು. ಪ್ಲಾಸ್ಟಿಕ್ ಚೀಲಗಳನ್ನು ಬಿಚ್ಚಿ ಜೋಡಿಸಿ ಹೊಲಿದು, ಬಿದಿರಿಗೆ ಬಿಗಿದು, ಮೇಲೆ ಕಾಯಿಸಿದ ಡಾಂಬರು ಬಳಿಯುತ್ತಾರೆ. ಈಚೆಗೆ ಫೈಬರಿನದೂ ಬಂದಿದೆ. ಅದು ಸೋರುವುದಿಲ್ಲ, ಆದರೆ ಕಲ್ಲಿಗೆ ಬಡಿದರೆ ಬಿದಿರಿನಂತೆ ಬಾಗುವುದಿಲ್ಲ, ಬಿರುಕು ಬಿಡುತ್ತದೆ.

ಈ ಬುಟ್ಟಿಯ ಬೆಲೆ ಸೇನಾಪತಿಗಳಿಗೂ ಗೊತ್ತಿತ್ತು. ಮುಂದೆ ವೆಲ್ಲಿಂಗ್ಟನ್ ಡ್ಯೂಕ್ ಆದ ಆರ್ಥರ್ ವೆಲ್ಲೆಸ್ಲಿ 1803ರ ಮರಾಠ ಯುದ್ಧದ ಹೊತ್ತಿನಲ್ಲಿ, ಮಳೆಗಾಲದಲ್ಲಿ ಉಕ್ಕುವ ಹೊಳೆಗಳನ್ನು ದಾಟಲು ಹರಿಗೋಲುಗಳನ್ನು ಕಟ್ಟಿಸುವ ಏರ್ಪಾಟು ಮಾಡಿದ್ದ. ರಾಯಚೂರಿನವರು ರಸ್ತೆ ಹಿಡಿದು ಹೈದರಾಬಾದಿಗೆ ಬರಬೇಕಾದರೆ ಕೃಷ್ಣೆ ಅಡ್ಡ. ದೇವಸೂಗೂರಿನ ಬಳಿ ನಿಜಾಮರ ಸರ್ಕಾರ ಕಟ್ಟಿಸಿದ ಸೇತುವೆ ಮುಗಿದದ್ದು 1943ರಲ್ಲಿ. ಸೇತುವೆ ಬಂದಲ್ಲೆಲ್ಲ ಜನ ದಾಟಿಸುವ ಸಂಪಾದನೆ ಅಂಬಿಗರ ಕೈಬಿಟ್ಟಿತು, ಮೀನು ಮಾತ್ರ ಉಳಿಯಿತು. ಹನ್ನೆರಡನೆಯ ಶತಮಾನದಲ್ಲಿ ಚೌಡಯ್ಯನಂಥ ವಚನಕಾರನನ್ನು ಕೊಟ್ಟ ಕಸುಬು ಇಪ್ಪತ್ತನೆಯದರಲ್ಲಿ ಅರ್ಧ ಮುಗಿಯಿತು.

ಇನ್ನು ಗಾಳದ ಕತೆ. ಇಂಡಿಯಾದಲ್ಲಿ ಗಾಳ ಹಾಕುವುದು ಹೇಗೆ ಎಂದು ಇಂಗ್ಲಿಷಿನಲ್ಲಿ ಬಂದ ಹೆಸರಾಂತ ಕೈಪಿಡಿ ಅಚ್ಚಾದದ್ದು ಲಂಡನ್ನಿನಲ್ಲೋ ಕಲ್ಕತ್ತೆಯಲ್ಲೋ ಅಲ್ಲ, ಮಂಗಳೂರಿನಲ್ಲಿ, ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ, 1873ರಲ್ಲಿ. ಕಿಟ್ಟೆಲರ ನಿಘಂಟು ಅಚ್ಚಾಗುವುದಕ್ಕೆ ಎರಡು ದಶಕ ಮೊದಲು ಅದೇ ಮುದ್ರಣಾಲಯ ಮೀನು ಹಿಡಿಯುವ ಪುಸ್ತಕ ಹೊರತಂದಿತ್ತು ಎಂಬುದು ನನಗೆ ಇಷ್ಟವಾದ ಸಂಗತಿ. ಬರೆದವನು ಹೆನ್ರಿ ಸುಲಿವಾನ್ ಥಾಮಸ್, ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದವನು. ಘಟ್ಟದ ಹೊಳೆಗಳಲ್ಲಿ ಮಹಸೀರ್ ಹಿಡಿಯುವುದು ಅವನ ಗೀಳು. ದವಡೆಯ ಒತ್ತಿಗೇ ಕೊಕ್ಕೆಯನ್ನು ನುಗ್ಗುಮಾಡಬಲ್ಲ ಮೀನು ಅದು; ಇಂಗ್ಲೆಂಡಿನಿಂದ ತಂದ ನಾಜೂಕು ಸಲಕರಣೆ ಇಲ್ಲಿ ನಡೆಯುತ್ತಿರಲಿಲ್ಲ. ಕೆರೆಗಳಲ್ಲಿ ಗಾಳ ಹಾಕುವುದರ ಬಗ್ಗೆ 1887ರಲ್ಲಿ ಅವನು ಬೇರೆಯೇ ಒಂದು ಪುಸ್ತಕ ಬರೆದ.

ಥಾಮಸನಿಗೆ ಇನ್ನೊಂದು ಮುಖವೂ ಇತ್ತು. ದಕ್ಷಿಣ ಕನ್ನಡದ ಮೀನಿನ ಸಂತತಿಯ ಬಗ್ಗೆ 1870ರಲ್ಲಿ ಸರ್ಕಾರಕ್ಕೆ ವರದಿ ಕೊಟ್ಟ. ಸಣ್ಣ ಕಣ್ಣಿನ ಬಲೆ, ತೋಡಿಗೆ ಅಡ್ಡ ಇಡುವ ಬಿದಿರಿನ ಕೂಳಿ, ನೀರಿಗೆ ವಿಷ ಹಾಕುವುದು ಇವೆಲ್ಲ ಮರಿಗಳನ್ನು ಮುಗಿಸುತ್ತಿವೆ ಎಂಬುದು ಅವನ ದೂರು. ಇಂಥ ಒತ್ತಾಯಗಳ ಕೊನೆಗೆ 1897ರ ಇಂಡಿಯನ್ ಫಿಶರೀಸ್ ಕಾಯಿದೆ ಬಂದು ಸಿಡಿಮದ್ದನ್ನೂ ವಿಷವನ್ನೂ ನಿಷೇಧಿಸಿತು. ದೂರು ಸುಳ್ಳಲ್ಲ. ಆದರೆ ಹೊಟ್ಟೆಗೆ ಹಿಡಿಯುವವನ ಕೂಳಿ ಅಪರಾಧದ ಸಾಲಿಗೆ ಹೋಗಿ, ಮೋಜಿಗೆ ಹಿಡಿಯುವವನ ಗಾಳ ಸಭ್ಯ ಹವ್ಯಾಸವಾದದ್ದೂ ಅದೇ ಕಾಲದಲ್ಲಿ. ಯಾವ ಮಡುವಿನಲ್ಲಿ ಮೀನಿದೆ, ಯಾವ ಎರೆಗೆ ಬರುತ್ತದೆ ಎಂದು ದೊರೆಗಳಿಗೆ ಹೇಳಿಕೊಟ್ಟವರು ಆ ಹೊಳೆಯ ದಂಡೆಯವರೇ ಅಲ್ಲದೆ ಮತ್ತೆ ಯಾರು? ಕೈಪಿಡಿಗಳಲ್ಲಿ ಅವರ ಹೆಸರು ಹುಡುಕಿದರೆ ಸಿಗುವುದು ಕಷ್ಟ.

ಕಾವೇರಿಯಲ್ಲಿ ಈ ಕತೆ ಮತ್ತೊಮ್ಮೆ ನಡೆಯಿತು, ಸ್ವಲ್ಪ ಬೇರೆ ರೀತಿಯಲ್ಲಿ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಹಿಡಿದ 120 ಪೌಂಡಿನ, ಅಂದರೆ ಸುಮಾರು 54 ಕಿಲೋ ತೂಕದ ಮಹಸೀರ್ ಲೋಕದಾಖಲೆಯಾಯಿತು. 1970ರ ದಶಕದ ಕೊನೆಯಲ್ಲಿ ವಿದೇಶಿ ಗಾಳದವರು ಮತ್ತೆ ಬರತೊಡಗಿದರು. ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಕ್ಕಳಿಗಳಲ್ಲಿ ಶಿಬಿರಗಳಾದವು. ಹಿಡಿದ ಮೀನನ್ನು ತೂಗಿ, ಬರೆದುಕೊಂಡು, ಮರಳಿ ನೀರಿಗೆ ಬಿಡಬೇಕೆಂಬ ನಿಯಮ ಬಂತು. ಹಿಂದೆ ಸಿಡಿಮದ್ದು ಹಾಕುತ್ತಿದ್ದ ಊರಿನವರಲ್ಲೇ ಕೆಲವರು ಈ ಶಿಬಿರಗಳಲ್ಲಿ ‘ಗಿಲ್ಲಿ’ ಎಂಬ ಸ್ಕಾಟ್‌ಲೆಂಡಿನ ಹೆಸರು ಹೊತ್ತ ಮಾರ್ಗದರ್ಶಕರಾದರು.

ಅಲ್ಲಿನ ಸಲಕರಣೆ ನೋಡಿ. ಗಾಳದ ಕೋಲು, ರಾಟೆ ವಿದೇಶದವು. ಕೊಕ್ಕೆಗೆ ಚುಚ್ಚುತ್ತಿದ್ದುದು ರಾಗಿ ಮುದ್ದೆ! ಗಟ್ಟಿಯಾಗಿ ಬೇಯಿಸಿದ ರಾಗಿ ಹಿಟ್ಟನ್ನು ನಿಂಬೆ ಗಾತ್ರಕ್ಕೆ ಉಂಡೆ ಕಟ್ಟಿ, ಸೆಳವಿಗೆ ಕೊಚ್ಚಿಹೋಗದಂತೆ ಸೀಸದ ಭಾರ ಸುತ್ತಿ ಬಂಡೆಗಳ ನಡುವಿನ ಮಡುವಿಗೆ ಎಸೆಯುತ್ತಿದ್ದರು. ಮೀನು ಕಚ್ಚಿ ಓಡಿ ದಾರ ಕಲ್ಲಿಗೆ ಸಿಕ್ಕಿತೋ, ದಂಡೆಯಲ್ಲಿ ನಿಂತವನಿಗೆ ಬೇರೆ ದಾರಿಯಿಲ್ಲ. ಗಿಲ್ಲಿ ಹರಿಗೋಲು ಇಳಿಸಬೇಕು, ಸುಳಿಯಲ್ಲಿ ಹೋಗಿ ದಾರ ಬಿಡಿಸಬೇಕು. ಎಷ್ಟೇ ಬೆಲೆಬಾಳುವ ರಾಟೆಯಿದ್ದರೂ ಕೊನೆಗೆ ನಂಬಬೇಕಾದದ್ದು ಬಿದಿರಿನ ಬುಟ್ಟಿಯನ್ನೂ ಅದನ್ನು ಓಡಿಸಬಲ್ಲ ಎರಡು ಕೈಗಳನ್ನೂ.

ಆ ಶಿಬಿರಗಳ ಲೆಕ್ಕದ ಪುಸ್ತಕಗಳಿಂದ ಯಾರೂ ನಿರೀಕ್ಷಿಸದ ಸಂಗತಿಯೊಂದು ಹೊರಬಿತ್ತು. ಗಾಳಿಬೋರೆಯಲ್ಲಿ 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕವನ್ನು ಸಂಶೋಧಕರು ತೆಗೆದು ನೋಡಿದರು. ಒಟ್ಟು ಸಿಗುವ ಮೀನು ಹೆಚ್ಚುತ್ತಾ ಹೋಗಿತ್ತು. ಆದರೆ ಬೆನ್ನು ಗೂನಾದ, ಕಿತ್ತಳೆ ರೆಕ್ಕೆಯ, ಕಾವೇರಿಗೇ ಸೇರಿದ ದೊಡ್ಡ ಮಹಸೀರ್ ಅಪರೂಪವಾಗುತ್ತಾ ಬಂದಿತ್ತು. ಅದರ ಜಾಗಕ್ಕೆ ಬಂದದ್ದು ನೀಲಿ ರೆಕ್ಕೆಯ ಇನ್ನೊಂದು ಜಾತಿ. ಮಹಾರಾಷ್ಟ್ರದ ಲೋನಾವಳದಲ್ಲಿ ಮರಿ ಮಾಡಿಸಿ 1970ರ ದಶಕದಿಂದ ನಾನಾ ಹೊಳೆಗಳಿಗೆ ಹಂಚಿದ ಮೀನು ಅದು. ಹೊಳೆ ತುಂಬಿಸುವ ಒಳ್ಳೆಯ ಕೆಲಸವೆಂದೇ ಎಲ್ಲರೂ ತಿಳಿದಿದ್ದರು. ನೂರೈವತ್ತು ವರ್ಷ ಗಾಳದವರು ಹಿಡಿದು, ತೂಗಿ, ಫೋಟೊ ತೆಗೆಸಿಕೊಂಡ ಗೂನುಬೆನ್ನಿನ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಗೊತ್ತಾದದ್ದು 2018ರಲ್ಲಿ: ಟಾರ್ ರೆಮಾದೇವಿ. ಅದೇ ವರ್ಷ ಅದು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಕೆಂಪು ಪಟ್ಟಿಗೂ ಸೇರಿತು. ಅಷ್ಟರಲ್ಲಿ ಅಭಯಾರಣ್ಯದೊಳಗೆ ಗಾಳ ಹಾಕುವುದನ್ನು ನಿಲ್ಲಿಸಿ ಆಗಿತ್ತು, ಹೊಸ ಲೆಕ್ಕ ಬರೆಯುವವರೂ ಇರಲಿಲ್ಲ. ನಿಲ್ಲಿಸಿದ್ದು ಸರಿಯೋ ತಪ್ಪೋ ಎಂಬ ವಾದ ಇನ್ನೂ ನಡೆದಿದೆ. ಲೆಕ್ಕ ನಿಂತದ್ದು ನಷ್ಟ ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ಹೈದರಾಬಾದಿನ ಕೆರೆಗಳಿಗೆ ಬರೋಣ. 1908ರಲ್ಲಿ ಮೂಸಿ ಉಕ್ಕಿ ಊರು ಮುಳುಗಿದ ಮೇಲೆ ನಮ್ಮ ವಿಶ್ವೇಶ್ವರಯ್ಯನವರು ಕೊಟ್ಟ ಸಲಹೆಯಂತೆ ಕಟ್ಟಿದ ಉಸ್ಮಾನ್ ಸಾಗರ 1920ರಲ್ಲೂ ಹಿಮಾಯತ್ ಸಾಗರ 1927ರಲ್ಲೂ ಮುಗಿದವು. ನೆರೆ ತಡೆಯಲು ಮಾಡಿದ ಈ ನೀರು ಮೀನುಗಾರರಿಗೂ ಮನೆಯಾಯಿತು. ಊರ ಸುತ್ತಲಿನ ಕೆರೆಗಳಲ್ಲಿ ಈಗ ಪುಟ್ಟಿಗಿಂತ ಹೆಚ್ಚು ಕಾಣುವುದು ಥರ್ಮೋಕೋಲ್ ಹಲಗೆಗಳನ್ನು ಕಟ್ಟಿದ ತೆಪ್ಪ ಅಥವಾ ಲಾರಿ ಟ್ಯೂಬು. ಹಗುರ, ಅಗ್ಗ, ಆದರೆ ಪುಡಿಪುಡಿಯಾಗಿ ಕೆರೆಯಲ್ಲೇ ಉಳಿದುಬಿಡುತ್ತದೆ.

ನಮ್ಮ ಐಟಿ ಹುಡುಗರಲ್ಲೂ ಗಾಳದ ಹುಚ್ಚು ಹತ್ತಿದವರಿದ್ದಾರೆ. ಅವರು ತರಿಸಿಕೊಳ್ಳುವ ರಬ್ಬರ್ ಕಪ್ಪೆ ಅಮೆರಿಕದ ಬಾಸ್‌ಗೆಂದು ಮಾಡಿದ್ದು. ಮುಳ್ಳು ಕಪ್ಪೆಯ ಬೆನ್ನಿಗೆ ಅಂಟಿ ಮೇಲ್ಮುಖವಾಗಿರುವುದರಿಂದ ತಾವರೆ ಎಲೆಯ ಮೇಲೆ ಎಳೆದರೂ ಸಿಕ್ಕಿಕೊಳ್ಳುವುದಿಲ್ಲ. ಮುರೆಲ್‌ಗೆ ಅದು ಹೇಳಿ ಮಾಡಿಸಿದಂತಿದೆ. ನಮ್ಮ ಬೆಸ್ತರು ನಿಜವಾದ ಕಪ್ಪೆ ಕಟ್ಟಿ ಮಾಡುತ್ತಿದ್ದುದೂ ಅದನ್ನೇ. ಜೊತೆಗೆ ಗಿಡ್ಡನೆಯ ಬಿಗಿ ಕೋಲು, ಹೆಣೆದ ಗಟ್ಟಿ ದಾರ ಸಾಕು. ತೆಳು ದಾರವಾದರೆ ಕಚ್ಚಿದ ಮೀನು ಕಳೆಯೊಳಗೆ ನುಗ್ಗಿ ಸುತ್ತಿಕೊಂಡುಬಿಡುತ್ತದೆ. ದೋಣಿಯೇ ಬೇಕೆಂದರೆ ಗಾಳಿ ತುಂಬುವ ಕಯಾಕ್ ಸಿಗುತ್ತದೆ, ಆದರೆ ಕರಿಜಾಲಿ ಮುಳ್ಳಿನ ಕೆರೆಯಲ್ಲಿ ಅದರ ಆಯುಸ್ಸು ಕಡಿಮೆ. ಪುಟ್ಟಿಯಲ್ಲಿ ಕೂತು ಗಾಳ ಎಸೆದರೆ ಪುಟ್ಟಿಯೂ ತಿರುಗುತ್ತದೆ. ಆದ್ದರಿಂದ ಹುಟ್ಟು ಹಾಕಲು ಒಬ್ಬರು, ಗಾಳ ಹಾಕಲು ಒಬ್ಬರು, ಹೀಗೆ ಇಬ್ಬರು ಬೇಕು. ಮಳೆಗಾಲದಲ್ಲಿ ನೀರ ಮೇಲೆ ಕೆಂಪು ಮರಿಗಳ ಗುಂಪು ಕುದಿಯುವಂತೆ ಕಂಡರೆ ಕೆಳಗೆ ತಾಯಿ ತಂದೆ ಕಾವಲಿರುತ್ತವೆ. ಅಲ್ಲಿಗೆ ಕಪ್ಪೆ ಎಸೆದರೆ ಮೀನು ಸಿಗುವುದು ಹೆಚ್ಚುಕಡಿಮೆ ಖಂಡಿತ, ಮರಿಗಳನ್ನು ಬೇರೆ ಮೀನುಗಳು ತಿಂದು ಮುಗಿಸುವುದೂ ಅಷ್ಟೇ ಖಂಡಿತ.

ಮತ್ತೆ, ಈ ಕೆರೆಗಳು ಯಾರೂ ಇಲ್ಲದವಲ್ಲ. ಹೆಚ್ಚಿನವುಗಳ ಮೀನಿನ ಹಕ್ಕು ಸ್ಥಳೀಯ ಮೀನುಗಾರರ ಸಹಕಾರ ಸಂಘದ್ದು. ಗಂಗಪುತ್ರರು, ಬೆಸ್ತರು, ಮುದಿರಾಜರು ಮರಿ ಬಿಟ್ಟು ವರ್ಷವೆಲ್ಲ ಕಾದು ಹಿಡಿಯುವ ನೀರು ಅದು. ಕಯಾಕ್ ಕೊಳ್ಳುವ ಮೊದಲು ಆ ಸಂಘದವರನ್ನು ಕಂಡು ಮಾತಾಡಿಕೊಂಡು ಬಂದರೆ ಒಳ್ಳೆಯದು. ಪುಟ್ಟಿ ಓಡಿಸಬಲ್ಲವರು ಸಿಕ್ಕರೆ ಅಲ್ಲೇ ಸಿಗುತ್ತಾರೆ.